ಅಲಮೇಲಮ್ಮನವರ ಎರಡನೇ ಸ್ನಾನ

ತುಮಕೂರಿನ ಚಿಕ್ಕಪೇಟೆಯಲ್ಲಿ ಅಲಮೇಲಮ್ಮನವರ ಮಡಿಯನ್ನು ಅರಿಯದವರೇ ಇರಲಿಲ್ಲ. ಮಡಿ ಯಾರ ಮನೆಯಲ್ಲಿರಲಿಲ್ಲ ಹೇಳಿ? ಐವತ್ತಾರು, ಐವತ್ತೇಳನೇ ಇಸವಿಯ ಮಾತು ಇದು. ಆಗ ಬೀದಿಗೆ ನಾಲ್ಕು ಜನ ಮಡಿ ಅಜ್ಜಿಯರು ಇದ್ದೇ ಇರುತ್ತಿದ್ದರು. ಆದರೆ ಅವರದೆಲ್ಲ ಮನೆಯೊಳಗಿನ ಮಡಿ, ಅಲಮೇಲಮ್ಮನವರದು ಬೀದಿಗೇ ಕೇಳಿಸುವ ಮಡಿ. ನಸುಕಿನಲ್ಲೇ ಎದ್ದು ಬಾವಿಯ ತಣ್ಣೀರನ್ನು ತಲೆಯ ಮೇಲೆ ಸುರಿದುಕೊಂಡು, ಎತ್ತರದ ಗಳದ ಮೇಲೆ ಒಣಗಿದ್ದ ಸೀರೆಯನ್ನು ಮಡಿಕೋಲಿನಿಂದ ಇಳಿಸಿ ಉಟ್ಟರೆಂದರೆ ಮುಗಿಯಿತು. ಅಲ್ಲಿಂದ ಮಧ್ಯಾಹ್ನದ ಊಟ ಆಗುವ ತನಕ ಅವರನ್ನು ಯಾರೂ ಮುಟ್ಟುವಂತಿಲ್ಲ. ಯಾರಾದರೂ ಹತ್ತಿರ ಸುಳಿದರೆ ಸಾಕು, ಕೋಲು ಮೇಲೆ, ಗಂಟಲು ಕೋಲಿಗಿಂತ ಮೇಲೆ. "ದೂರ! ದೂರ! ಮುಟ್ಟೀಯೆ! ಕಣ್ಣು ಹಣೆ ಮೇಲಿಟ್ಕೊಂಡು ಬರ್ತೀಯಲ್ಲ!" ಎದುರು ಮನೆಯ ಗಡಿಯಾರ ಕೆಟ್ಟುಹೋದಾಗ ಆ ಮನೆಯ ಯಜಮಾನರು ಈ ಕೂಗು ಕೇಳಿಕೊಂಡೇ ಆಫೀಸಿಗೆ ಹೊರಡುತ್ತಿದ್ದರಂತೆ.

ಹಾಗೆಂದು ಆಕೆ ಕೆಟ್ಟವರೇನಲ್ಲ. ಗಂಡ ತೀರಿಕೊಂಡಾಗ ಮಗಳು ಪದ್ಮ ಇನ್ನೂ ಲಂಗ ಹಾಕುತ್ತಿದ್ದಳು, ಮಗ ಸುಬ್ಬಕೃಷ್ಣನಿಗೆ ಹಾಲುಹಲ್ಲು ಬಿದ್ದಿರಲಿಲ್ಲ. ಗುಬ್ಬಿಯಲ್ಲಿದ್ದ ತೆಂಗಿನ ತೋಟವನ್ನು ತಮ್ಮ ಯೋಗನರಸಿಂಹನ ಕೈಗೆ ಒಪ್ಪಿಸಿ, ಅವನು ಕಳಿಸಿದ ಕಾಯಿ ಕೊಬ್ಬರಿಯಲ್ಲಿ ಇಬ್ಬರನ್ನೂ ಸಾಕಿದರು, ಓದಿಸಿದರು, ಮದುವೆ ಮಾಡಿದರು. ಗಂಡಸಿಲ್ಲದ ಮನೆ ನಡೆಸಬೇಕಾದರೆ ಹೆಂಗಸಿಗೆ ಗಂಟಲು ಬೇಕಾಗುತ್ತದೆ. ಬೇಕಾದ ಕಾಲಕ್ಕೆ ಬಂದ ಗಂಟಲು, ಬೇಡವಾದ ಕಾಲಕ್ಕೆ ಹೋಗಲಿಲ್ಲ, ಅಷ್ಟೆ.

ಇಷ್ಟು ಕಟ್ಟುನಿಟ್ಟಿನ ಮಡಿಯೊಳಗೆ ಪ್ರವೇಶ ಇದ್ದದ್ದು ಒಬ್ಬನಿಗೇ. ಅವನು ದಿವಾನ. ಬೂದಿ ಬಣ್ಣದ ಮೈಮೇಲೆ ಕಪ್ಪು ಪಟ್ಟೆ, ಮುಖದ ತುಂಬ ಮೀಸೆ, ಹೊಸಿಲ ಮೇಲೆ ಕೂತರೆ ಯಾರ ಅರ್ಜಿಯನ್ನೂ ಓದದೆ ವಾಪಸು ಕಳಿಸುವವನ ಠೀವಿ. ಅದಕ್ಕೇ ಸುಬ್ಬಕೃಷ್ಣ ಆ ಹೆಸರಿಟ್ಟದ್ದು. ಅಟ್ಟದ ಮೇಲಿನ ಕೊಬ್ಬರಿಗೆ ಇಲಿಯ ಕಾಟ ತಡೆಯಲಾರದೆ ಮರಿಯಾಗಿದ್ದಾಗ ತಂದದ್ದು. ಬೆಕ್ಕಿಗೆ ಮೈಲಿಗೆ ಇಲ್ಲ ಎನ್ನುವುದು ಅಲಮೇಲಮ್ಮನವರ ಅತ್ತೆಯ ಕಾಲದಿಂದ ಬಂದ ಮಾತು. ಹಾಗಾಗಿ ಮಗ ಮುಟ್ಟದ, ಸೊಸೆ ಮುಟ್ಟದ ಮಡಿ ಸೀರೆಯ ನೆರಿಗೆಯಲ್ಲಿ ದಿವಾನ ಬೆನ್ನು ಉಜ್ಜಿಕೊಂಡು ಓಡಾಡುತ್ತಿದ್ದ. ಒಲೆಯ ಪಕ್ಕದ ಬೆಚ್ಚನೆಯ ಜಾಗ ಅವನದು, ಕಾಯಿಸಿದ ಹಾಲಿನ ಮೇಲಿನ ಕೆನೆಯೂ ಅವನದು.

ಉಳಿದವರಿಗೆ ಮಾತ್ರ ಅವನು ಯಮ. ಹಾಲಿನವನು ಅಂಗಳದಾಚೆಯೇ ನಿಂತು ಪಾತ್ರೆ ಮುಂದಕ್ಕೆ ತಳ್ಳುತ್ತಿದ್ದ. ಸುಬ್ಬಕೃಷ್ಣ ತಾಲ್ಲೂಕು ಕಚೇರಿಯ ಗುಮಾಸ್ತ. ಮೊಣಕಾಲ ಕೆಳಗೆ ಅವನಿಗೆ ಗೀರಿಲ್ಲದ ಜಾಗ ಹುಡುಕಬೇಕಿತ್ತು. ಸೊಸೆ ಕೌಸಲ್ಯ ಅಡುಗೆಮನೆ ಗೂಡಿನಲ್ಲಿ ಅರಿಸಿನದ ಡಬ್ಬಿಯ ಪಕ್ಕಕ್ಕೇ ಟಿಂಚರ್ ಅಯೋಡಿನ್ ಸೀಸೆ ಇಟ್ಟುಕೊಂಡಿದ್ದಳು. "ಅತ್ತೆ, ನಿಮ್ಮ ದಿವಾನರು ನನ್ನ ಕಾಲಿಗೆ ರುಜು ಹಾಕಿದ್ರು ನೋಡಿ" ಎಂದು ಅವಳು ತೋರಿಸಿದರೆ ಅಲಮೇಲಮ್ಮ, "ನೀನು ನೋಡ್ಕೊಂಡು ಓಡಾಡಬೇಕಮ್ಮ. ಮೂಗಪ್ರಾಣಿ ಅದು, ಅದಕ್ಕೇನು ಗೊತ್ತಾಗತ್ತೆ?" ಎನ್ನುತ್ತಿದ್ದರು. ಕೌಸಲ್ಯ ಮೂಗಪ್ರಾಣಿಯಲ್ಲವಲ್ಲ, ಅವಳೇ ತಗ್ಗಬೇಕು.

ಆ ವರ್ಷದ ಯುಗಾದಿಗೆ ಕುಣಿಗಲ್ಲಿನಿಂದ ಮಗಳ ಸಂಸಾರ ಬಂದಿತು. ಅಳಿಯ ಜಯರಾಮಯ್ಯ ಅಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರು. ಅವರ ಒಬ್ಬಳೇ ಮಗಳು ಪಂಕಜ ಆ ಸಲ ಮಿಡ್ಲ್ ಸ್ಕೂಲ್ ಮುಗಿಸುವವಳಿದ್ದಳು. ಮುಂದೆ ಓದಬೇಕಾದರೆ ಊರಿನಲ್ಲಿ ಗಂಡುಹುಡುಗರ ಜೊತೆ ಕೂರಬೇಕು, ಅದಕ್ಕೆ ಜಯರಾಮಯ್ಯನವರ ತಂದೆ ಸುತರಾಂ ಒಪ್ಪರು. ತುಮಕೂರಿನಲ್ಲಾದರೆ ಹೆಣ್ಣುಮಕ್ಕಳ ಹೈಸ್ಕೂಲೇ ಇತ್ತು. ಅಜ್ಜಿಯ ಮನೆಯಲ್ಲಿದ್ದು ಓದಲಿ, ಇಲ್ಲವಾದರೆ ಓದು ಸಾಕು, ಎರಡು ವರ್ಷ ಬಿಟ್ಟು ಗಂಡು ನೋಡಿದರಾಯಿತು ಎಂದು ತೀರ್ಮಾನವಾಗಿತ್ತು. ಅಲಮೇಲಮ್ಮನವರಿಗೆ ಮೊಮ್ಮಗಳೆಂದರೆ ಪ್ರಾಣ. ಅವಳು ಬಂದು ಇರುತ್ತಾಳೆ ಎಂದು ಕೇಳಿದಾಗಿನಿಂದ ಅವಳಿಗೊಂದು ಗೂಡು ಖಾಲಿ ಮಾಡಿ, ಹಾಸಿಗೆಯ ಹತ್ತಿ ಹಿಂಜಿಸಿ, ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು.

ಪಂಕಜ ಬಸ್ಸಿಳಿದು ಬಂದವಳು ಮೊದಲು ಕೇಳಿದ್ದು, "ಅಜ್ಜಿ, ನಾನು ಇಲ್ಲಿಗೆ ಬಂದ್ರೆ ಸಾಸಿವೇನೂ ಬರಬಹುದಾ?" ಸಾಸಿವೆ ಅವಳ ಬೆಕ್ಕಿನ ಮರಿ. ಕರ‍್ರಗೆ, ಒಂದು ಹಿಡಿಯಷ್ಟು. ಬುಟ್ಟಿಯಲ್ಲಿ ಜೊತೆಗೇ ತಂದಿದ್ದಳು. ಅಲಮೇಲಮ್ಮ, "ಬರಲಿ ಬಿಡೇ, ದಿವಾನನಿಗೂ ಒಂದು ಜೊತೆಯಾಗತ್ತೆ" ಎಂದುಬಿಟ್ಟರು.

ಮಾರನೆಯ ಬೆಳಿಗ್ಗೆ ಹಬ್ಬದ ಸಡಗರ. ಅಲಮೇಲಮ್ಮ ಹಿತ್ತಲಲ್ಲಿ ಮಡಿಕೋಲು ಹಿಡಿದು ಸೀರೆ ಇಳಿಸುತ್ತಿದ್ದರು. ಪಂಕಜ ಹೊಸ ಲಂಗ ಉಟ್ಟ ಖುಷಿಯಲ್ಲಿ ಮರಿಯನ್ನು ಎತ್ತಿಕೊಂಡು "ಅಜ್ಜೀ, ನೋಡು!" ಎಂದು ಓಡಿ ಬಂದಳು. "ಅಯ್ಯಯ್ಯೋ, ದೂರ! ದೂರ! ಮುಟ್ಟೀಯೆ!" ಕೋಲು ಮೇಲೆದ್ದಿತು. ಅಷ್ಟರಲ್ಲಿ ಬಾವಿಕಟ್ಟೆಯ ಮೇಲಿಂದ ಬೂದಿ ಬಣ್ಣದ್ದೊಂದು ಹಾರಿತು. ಹುಡುಗಿಯ ಕಿರುಚು, ಮರಿಯ ಕಿರುಚು, ಅಜ್ಜಿಯ ಕಿರುಚು ಒಂದಾದವು. ನೋಡಿದರೆ ಸಾಸಿವೆ ಹೆಂಚಿನ ಮೇಲಿತ್ತು, ಪಂಕಜಳ ಕೆನ್ನೆಯ ಮೇಲೆ, ಕಣ್ಣಿಗೆ ಒಂದು ಬೆರಳು ಕೆಳಗೆ, ಉದ್ದಕ್ಕೆ ರಕ್ತದ ಗೀರು ಎದ್ದಿತ್ತು.

ಜಯರಾಮಯ್ಯ ಮೆತ್ತಗಿನ ಮನುಷ್ಯ. ಬೆತ್ತ ಹಿಡಿದರೂ ಮೇಜಿಗೆ ಹೊಡೆಯುವ ಜಾತಿ. ಅವತ್ತು ಮಾತ್ರ ಮಗಳ ಕೆನ್ನೆ ಒರೆಸಿದವರೇ ಹೆಂಡತಿಗೆ ಗಂಟು ಕಟ್ಟು ಎಂದರು. ಒಬ್ಬಟ್ಟಿನ ಊಟ ಮುಗಿಸಿ ಹೊರಡುವ ಮುಂಚೆ ಹೇಳಿದರು, "ಅತ್ತೆ, ತಪ್ಪು ತಿಳ್ಕೋಬೇಡಿ. ಇವತ್ತು ಒಂದು ಬೆರಳಲ್ಲಿ ಕಣ್ಣು ಉಳಿದಿದೆ. ಆ ಬೆಕ್ಕಿರೋ ಮನೇಲಿ ನಾನು ಮಗೂನ ಬಿಡಲಾರೆ." ಪಂಕಜ ಅಳುತ್ತಿದ್ದಳು. ಗೀರು ಉರಿದದ್ದಕ್ಕಲ್ಲ, ಹೈಸ್ಕೂಲು ಹೋಯಿತಲ್ಲ ಎಂದು.

ಆ ರಾತ್ರಿ ಅಲಮೇಲಮ್ಮ ಒಂದು ತುತ್ತೂ ತಿನ್ನಲಿಲ್ಲ. ಬೆಳಗಾದ ಮೇಲೆ ಮಗನನ್ನು ಕರೆದು, "ಸುಬ್ಬು, ಅವನನ್ನ ಗುಬ್ಬಿಗೆ ಬಿಟ್ಟು ಬಾಪ್ಪ. ಯೋಗನ ಮನೆ ಅಟ್ಟದಲ್ಲೂ ಕೊಬ್ಬರಿ ಇದೆ, ಇಲೀನೂ ಇದಾವೆ" ಎಂದರು. ಹೇಳಿದ್ದೇನೋ ಗಟ್ಟಿಯಾಗಿಯೇ, ಆದರೆ ಹೇಳುವಾಗ ಮುಖ ಒಲೆಯ ಕಡೆಗಿತ್ತು. ಹೊಗೆಯಿಂದ ಕಣ್ಣಲ್ಲಿ ನೀರು ಎಂದು ಕೌಸಲ್ಯ ತಿಳಿದುಕೊಂಡ ಹಾಗೆ ಮಾಡಿದಳು.

ದಿವಾನನನ್ನು ಗೋಣಿಚೀಲಕ್ಕೆ ಹಾಕುವ ಕೆಲಸಕ್ಕೆ ಎರಡು ಕಂಬಳಿ, ಒಂದು ಮೊರ ಮತ್ತು ಸುಬ್ಬಕೃಷ್ಣನ ಒಂದು ಅಂಗಿ ಬಲಿಯಾದವು. ರೈಲಿನಲ್ಲಿ ಚೀಲ ಬೆಂಚಿನ ಕೆಳಗೆ ತಾನಾಗಿ ಹರಿದಾಡಿದ್ದನ್ನು ಕಂಡು ಪಕ್ಕದವರು ಕಾಲು ಮೇಲೆತ್ತಿ ಕೂತರು. "ಏನ್ ಸ್ವಾಮಿ ಅದು?" ಎಂದು ಕೇಳಿದವರಿಗೆ ಸುಬ್ಬಕೃಷ್ಣ, "ದಿವಾನರು. ವರ್ಗ ಆಗಿದೆ" ಎಂದ.

ಕಂಟಕ ಕಳೆಯಿತು ಎಂದು ಎಲ್ಲರೂ ಅಂದುಕೊಂಡರು. ಹಾಲಿನವನು ಒಳಗೆ ಬಂದು ಹಾಲು ಅಳೆಯತೊಡಗಿದ. ಆದರೆ ಇಲಿಗಳಿಗೂ ಸುದ್ದಿ ತಲುಪಿತ್ತು. ಅಟ್ಟದಲ್ಲಿ ಹಗಲು ಹೊತ್ತಿನಲ್ಲೇ ಕೊಬ್ಬರಿಗಿಟುಕುಗಳು ಗುಡುಗುಡು ಉರುಳತೊಡಗಿದವು. ಅದಾದರೂ ಸಹಿಸಬಹುದಿತ್ತು. ಬೆಳಗಿನ ಹೊತ್ತು ಮಡಿಯುಟ್ಟು ಒಲೆಯ ಮುಂದೆ ಕೂತರೆ ಕಾಲ ಬುಡ ತಣ್ಣಗೆ. ಹಾಲಿನ ಕೆನೆ ತೆಗೆದ ಸೌಟು ಕೈಯಲ್ಲೇ ನಿಲ್ಲುತ್ತಿತ್ತು. ಅಲಮೇಲಮ್ಮನವರಿಗೆ ಮನೆಯಲ್ಲಿ ಜನರಿದ್ದೂ ಬಣಗುಟ್ಟಿದಂತಾಯಿತು. ಇದನ್ನು ಯಾರಿಗೆ ಹೇಳುವುದು? ಬೆಕ್ಕಿಗಾಗಿ ಅತ್ತರೆ ಜನ ನಗುತ್ತಾರೆ. ಜೊತೆಗೆ ಕುಣಿಗಲ್ಲಿನಿಂದ ಇನ್ನೂ ಹೂಂ ಎಂಬ ಮಾತು ಬಂದಿರಲಿಲ್ಲ. "ಇವತ್ತು ಗುಬ್ಬಿಗೆ ಕಳಿಸ್ತಾರೆ, ನಾಳೆ ಮನಸ್ಸು ತಡೀದೆ ಕರೆಸ್ಕೊತಾರೆ. ನಿಮ್ಮ ತಾಯಿ ನನಗೆ ಗೊತ್ತಿಲ್ವಾ" ಎಂದು ಅಳಿಯಂದಿರು ಪದ್ಮನ ಹತ್ತಿರ ಅಂದರಂತೆ. ಮೇಷ್ಟ್ರ ಲೆಕ್ಕ ತಪ್ಪುವುದಿಲ್ಲ.

ಅಷ್ಟರಲ್ಲಿ ಗುಬ್ಬಿಯಿಂದ ತಮ್ಮ ಯೋಗನರಸಿಂಹ ಕಾಯಿ ತಂದ. ಎಳನೀರಿನಂಥ ಮನುಷ್ಯ, ತಣ್ಣಗೆ ಮಾತಾಡುತ್ತಾನೆ. ಕೂತು ಕಾಫಿ ಕುಡಿದು ಮೀಸೆ ಒರೆಸಿಕೊಂಡು ಹೇಳಿದ, "ಅಕ್ಕ, ಎಂಥಾ ಬಂಗಾರದಂಥ ಬೆಕ್ಕು ಕೊಟ್ಟೆಯೇ! ಹಸು ಕಣೇ ಅದು, ಹಸು. ಶಕುಂತಲ ತಲೆ ಬಾಚೋವಾಗ ಅವಳ ತೊಡೆ ಮೇಲೆ ಮಲಗಿರತ್ತೆ. ಪಕ್ಕದ್ಮನೆ ಮಕ್ಕಳು ಟೋಪಿ ಹಾಕಿ ಆಡಿಸ್ತಾರೆ."

"ಯಾವ ಬೆಕ್ಕು?"

"ನಿನ್ನ ದಿವಾನ."

ಅಲಮೇಲಮ್ಮನವರಿಗೆ ಸಂತೋಷವಾಗಬೇಕಿತ್ತು. ಆದದ್ದು ಕೋಪ. "ಮನೆಗೆ ಮಾರಿ, ಊರಿಗೆ ಉಪಕಾರಿ! ನನ್ನ ಕೈಯಲ್ಲಿ ಕೆನೆ ತಿಂದು ನನ್ನ ಮೊಮ್ಮಗಳನ್ನ ಪರಚಿ, ಅಲ್ಲಿ ಹೋಗಿ ಟೋಪಿ ಹಾಕಿಸ್ಕೊತಾನಾ? ನಡಿ, ನಾನೇ ಬಂದು ನೋಡ್ತೀನಿ." ಹಾಗೆಂದವರು ಅವತ್ತಿನ ರೈಲಿಗೇ ಹೊರಟುಬಿಟ್ಟರು. ಕೌಸಲ್ಯ ಗಂಟು ಕಟ್ಟಿಕೊಡುವಾಗ ಅದರಲ್ಲೊಂದು ಸಣ್ಣ ಡಬ್ಬಿ ಕೈಗೆ ತಗುಲಿತು. ಒಳಗೆ ಕೆನೆ ಇತ್ತು.

ಗುಬ್ಬಿಯ ಮನೆಯ ಜಗಲಿಯ ಮೇಲೆ ದಿವಾನ ಹೊಟ್ಟೆ ಮೇಲೆ ಮಾಡಿ ಮಲಗಿದ್ದ. ಅಲಮೇಲಮ್ಮನವರ ದನಿ ಕೇಳಿದ್ದೇ ಎದ್ದು ಬಂದು ಕಾಲಿಗೆ ತಲೆ ಗುದ್ದಿ ಗುದ್ದಿ ಸುತ್ತಿದ. ಬೈಯಬೇಕೆಂದು ರೈಲಿನುದ್ದಕ್ಕೂ ಕೂಡಿಸಿಟ್ಟುಕೊಂಡ ಮಾತುಗಳಲ್ಲಿ ಒಂದೂ ಆಕೆಯ ಬಾಯಿಗೆ ಬರಲಿಲ್ಲ. ಸಂಜೆಯೆಲ್ಲ ಅವನು ನಿಜವಾಗಿಯೂ ಹಸುವೇ. ತಮ್ಮನ ಹೆಂಡತಿ ಶಕುಂತಲಮ್ಮ ಅವನನ್ನು ಮಗುವಿನ ಹಾಗೆ ಹೆಗಲ ಮೇಲೆ ಹಾಕಿಕೊಂಡು ದೀಪ ಹಚ್ಚಿದಳು. ಅಲಮೇಲಮ್ಮ ಕಣ್ಣು ಮಿಟುಕಿಸದೆ ನೋಡಿದರು.

ಬೆಳಿಗ್ಗೆ ಸ್ನಾನ ಮಾಡಿ ಅಲ್ಲಿಯ ಗಳದಿಂದ ಕೋಲಿನಲ್ಲಿ ಸೀರೆ ಇಳಿಸುತ್ತಿದ್ದರು. ದಿವಾನ ಎಳೆಬಿಸಿಲಲ್ಲಿ ಮೀಸೆ ನೆಕ್ಕಿಕೊಳ್ಳುತ್ತಿದ್ದ. ಶಕುಂತಲಮ್ಮ ಕೊಡ ಹೊತ್ತು ಬಾವಿಯ ಕಡೆಯಿಂದ ಬಂದಳು. "ಏ, ದೂರ! ದೂರ! ಮುಟ್ಟೀಯೆ ಶಕುಂತಲ!" ಎನ್ನುವುದೇ ತಡ, ಎಳೆಬಿಸಿಲಿನಲ್ಲಿದ್ದ ಹಸು ಹುಲಿಯಾಗಿ ಹಾರಿ ಶಕುಂತಲಮ್ಮನ ಮೀನಖಂಡಕ್ಕೆ ಕಚ್ಚಿಕೊಂಡಿತು! ರಾತ್ರಿ ತಾನೇ ಅನ್ನ ಕಲಸಿ ಹಾಕಿದ ಕೈ ಅವಳದು. ಕೊಡ ಒಡೆದು ನೀರೆಲ್ಲ ಅಂಗಳಕ್ಕೆ ಹರಿಯಿತು.

ಯೋಗನರಸಿಂಹ ತಲೆ ಕೆರೆದುಕೊಂಡ. ಆಮೇಲೆ ಒಳಗೆ ಹೋಗಿ ಎರಡು ಕಾಲಿಗೂ ಗೋಣಿತಾಟು ಸುತ್ತಿ ಹಗ್ಗ ಕಟ್ಟಿಕೊಂಡು ಬಂದ. "ಅಕ್ಕ, ನಾನೀಗ ನಿನ್ನ ಹತ್ರ ಬರ್ತೀನಿ. ಕೋಲು ಕೆಳಗಿಟ್ಟು ಸುಮ್ಮನೆ ನಿಂತ್ಕೋ."

"ಇದೇನೋ ನಾಟಕ, ಬೆಳಬೆಳಿಗ್ಗೆ!"

"ಒಂದ್ಸಲ ನಿಂತ್ಕೊಳ್ಳೇ."

ಬಂದ. ದಿವಾನ ಆಕಳಿಸಿದ. ಯೋಗನರಸಿಂಹ ಹಿಂದಕ್ಕೆ ಹೋಗಿ, "ಈಗ ಕೋಲು ಎತ್ತಿ ಕೂಗು" ಎಂದ. ಅಲಮೇಲಮ್ಮ ಅರೆಮನಸ್ಸಿನಿಂದ "ದೂರ" ಎಂದರು. ಅರೆಮನಸ್ಸಿನ ಕೂಗಿಗೂ ದಿವಾನನ ಬಾಲ ಸೀಸೆ ತೊಳೆಯುವ ಬ್ರಷ್ಷಿನಂತೆ ಊದಿತು. ಇನ್ನೊಂದು ಸಲ ಗಟ್ಟಿಯಾಗಿ ಕೂಗಿದ್ದಕ್ಕೆ ಅವನು ಹಾರಿ ಗೋಣಿತಾಟಿಗೆ ನೇತುಬಿದ್ದ.

"ನೋಡಿದ್ಯಾ?" ಯೋಗನರಸಿಂಹ ನೇತಾಡುವ ಬೆಕ್ಕನ್ನು ಬಿಡಿಸಿಕೊಳ್ಳುತ್ತ ಹೇಳಿದ, "ಪಾಪ, ಇವನಿಗೆ ಮಡಿ ಮೈಲಿಗೆ ಏನು ಗೊತ್ತು? ಯಾರೋ ಹತ್ರ ಬಂದ್ರು, ನೀನು ಕೋಲೆತ್ತಿ ಕಿರುಚಿದೆ. ಅಮ್ಮನ್ನ ಕೊಲ್ಲೋಕೆ ಬಂದಿದಾರೆ ಅಂದ್ಕೊತಾನೆ. ಮರಿಯಾಗಿದ್ದಾಗಿಂದ ದಿನಾ ಬೆಳಿಗ್ಗೆ ಇದೇ ಪಾಠ ಹೇಳಿದೀಯ."

ಶಕುಂತಲಮ್ಮ ಕಾಲಿಗೆ ಅರಿಸಿನ ಒತ್ತಿಕೊಳ್ಳುತ್ತ ನಗು ತಡೆಯಲಾರದೆ, "ಬೆಕ್ಕು ಇಲ್ಲೇ ಇರಲಿ ಅಕ್ಕ. ನೀವು ಬರೋವಾಗ ಮಾತ್ರ ಹೇಳಿಕಳಿಸಿ, ಕಟ್ಟಿಹಾಕ್ತೀವಿ" ಎಂದಳು.

"ಯಾರನ್ನೇ? ಬೆಕ್ಕನ್ನಾ, ಅಕ್ಕನ್ನಾ?" ಎಂದ ಯೋಗನರಸಿಂಹ.

ಬೇರೆ ದಿನವಾಗಿದ್ದರೆ ಈ ಮಾತಿಗೆ ಇಬ್ಬರ ಜನ್ಮ ಜಾಲಾಡಿಬಿಡುತ್ತಿದ್ದರು. ಅವತ್ತು ಅಲಮೇಲಮ್ಮ ಬಾವಿಕಟ್ಟೆಯ ಮೇಲೆ ಕೂತುಬಿಟ್ಟರು. ಸುಬ್ಬುವಿನ ಕಾಲು, ಕೌಸಲ್ಯಳ ಕಾಲು, ಮಗುವಿನ ಕೆನ್ನೆ, ಎಲ್ಲ ನೆನಪಾಯಿತು. ಎಲ್ಲ ಬೆಳಗಿನ ಹೊತ್ತೇ. ಎಲ್ಲ ತಮ್ಮ ಕೂಗಿನ ಬೆನ್ನಿಗೇ. ಊಟದ ಮೇಲೆ ಅವನು ಯಾರನ್ನೂ ಮುಟ್ಟಿದ್ದಿಲ್ಲ. ಅಷ್ಟು ಹೊತ್ತಿಗೆ ಹೆದರಿ ಅವನ ಹತ್ತಿರ ಯಾರೂ ಹೋಗದಿದ್ದುದರಿಂದ ಅದು ಯಾರಿಗೂ ತಿಳಿದಿರಲಿಲ್ಲ. "ನನ್ನ ಜಗಳವನ್ನೆಲ್ಲ ಇವನು ಆಡ್ತಿದ್ದ ಕಣೋ" ಎಂದರು. ದಿವಾನ ಏನೂ ಆಗದವನಂತೆ ಬಂದು ತೊಡೆ ಹತ್ತಿದ. ಬೆಕ್ಕನ್ನು ಅವುಚಿಕೊಂಡು ಅಲಮೇಲಮ್ಮ ಕಣ್ಣೊರೆಸಿಕೊಂಡರು, ಆಮೇಲೆ ತಾವೇ ನಕ್ಕರು.

ದಿವಾನ ಮತ್ತೆ ತುಮಕೂರಿಗೆ ಬಂದ. ಹೊಸ ಬೆಕ್ಕು ತಂದಾಗ ಮಾಡುವಂತೆ ಪಾದಕ್ಕೆ ಬೆಣ್ಣೆ ಹಚ್ಚಿ, ಒಲೆಗೆ ಮೂರು ಸುತ್ತು ಹಾಕಿಸಿ ಕೆಳಗಿಳಿಸಿದರು. ಸುಬ್ಬಕೃಷ್ಣ ಎರಡು ಹೆಜ್ಜೆ ಹಿಂದೆ ಸರಿದ. "ಏನಮ್ಮ ಇದು! ಪಂಕಜ ಬೇಡವಾ ನಿನಗೆ?"

"ಬೇಕು ಕಣೋ. ಅವಳೂ ಬೇಕು, ಅವಳ ಸಾಸಿವೇನೂ ಬೇಕು, ಇವನೂ ಬೇಕು. ಮರಿ ತರೋ ಮುಂಚೆ ಇವನನ್ನ ಸರಿಮಾಡ್ಬೇಕು. ಇವನನ್ನ ಸರಿಮಾಡೋ ಮುಂಚೆ ನನ್ನ ಬಾಯಿ ಸರಿಮಾಡ್ಬೇಕು. ನೋಡ್ತಿರು."

ಅವತ್ತೇ ಮಡಿಕೋಲು ಅಟ್ಟ ಸೇರಿತು. ಗಳವನ್ನು ಕೈಗೆಟುಕುವಷ್ಟು ಕೆಳಗೆ ಕಟ್ಟಿಸಿದರು. ಅಡುಗೆಮನೆಯ ಹೊಸಿಲಿಗೂ ಬಾವಿಕಟ್ಟೆಗೂ ದಪ್ಪಗೆ ರಂಗೋಲಿಯ ಗೆರೆ ಎಳೆದು, "ಇದನ್ನ ದಾಟಬೇಡಿ. ನಾನು ಕೂಗಲ್ಲ, ನೀವೂ ಕೂಗಿಸಬೇಡಿ" ಎಂದು ಮನೆಮಂದಿಗೆಲ್ಲ ಹೇಳಿದರು. ಯಾರಾದರೂ ಗೆರೆಯ ಹತ್ತಿರ ಬಂದರೆ "ದೂರ" ಎನ್ನುವ ಬದಲು "ಬಾ" ಎನ್ನುವುದು. ಅದು ದಿವಾನನಿಗೆ. ಅವನು ಬಂದರೆ ಬೆರಳ ತುದಿಯಲ್ಲಿ ಒಂದಿಷ್ಟು ಕೆನೆ.

ಹೇಳಿದಷ್ಟು ಸುಲಭವಾಗಿರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಇದು ಕಟ್ಟಿಕೊಂಡ ಗುಣ, ಇನ್ನೂ ಗಟ್ಟಿ. ಹಾಲಿನವನು ಎಡವಿ ಗೆರೆಯ ಮೇಲೆ ಕಾಲಿಟ್ಟಾಗ "ದೂ..." ಎಂದು ಶುರುವಾದದ್ದು ಬಾಯೊಳಗೇ ತಿರುಗಿ "ಬಾ" ಆಗುವಷ್ಟರಲ್ಲಿ ದಿವಾನ ಅರ್ಧ ದಾರಿ ಹಾರಿಯಾಗಿತ್ತು. ಒಮ್ಮೆ ಸುಬ್ಬಕೃಷ್ಣನ ಮೇಲೆ ಪೂರ್ತಿ ಕೂಗೇ ಹೊರಟುಬಿಟ್ಟಿತು. ಹೊಸ ಗೀರು ತೋರಿಸಿದವನಿಗೆ ಅಲಮೇಲಮ್ಮ ಮೂಗಪ್ರಾಣಿಯ ಮಾತು ಎತ್ತಲಿಲ್ಲ. ತಾವೇ ಟಿಂಚರ್ ಹಚ್ಚಲು ಮಧ್ಯಾಹ್ನದ ತನಕ ಕಾದಿದ್ದು, ಹಚ್ಚಿ, "ಇದು ನಾನು ಪರಚಿದ್ದು ಕಣಪ್ಪ" ಎಂದರು. ಕೌಸಲ್ಯ ಬಾಗಿಲ ಸಂದಿಯಿಂದ ಕೇಳಿಸಿಕೊಂಡು ಬಾಯಿಗೆ ಸೆರಗು ಮುಚ್ಚಿಕೊಂಡಳು.

ಮಾವಿನಹಣ್ಣಿನ ಕಾಲ ಮುಗಿಯುವ ಹೊತ್ತಿಗೆ ಬೀದಿಯವರಿಗೆ ಅನುಮಾನ ಬಂದಿತ್ತು. "ಅಲಮೇಲಮ್ಮನವರಿಗೆ ಮೈ ಸರಿಯಿಲ್ಲವಾ? ಸದ್ದೇ ಇಲ್ಲ" ಎಂದು ವಿಚಾರಿಸಿಕೊಂಡು ಹೋಗುವವರು ಬಂದರು. ಎದುರು ಮನೆಯವರು ಗಡಿಯಾರ ರಿಪೇರಿ ಮಾಡಿಸಿದರು. ಗೆರೆಯ ಆಚೆ ಯಾರು ನಿಂತರೂ ದಿವಾನ ಈಗ ಮೊದಲು ನೋಡುತ್ತಿದ್ದದ್ದು ಅಲಮೇಲಮ್ಮನವರ ಬೆರಳನ್ನು.

ಸ್ಕೂಲು ತೆರೆಯುವ ದಿನ ಹತ್ತಿರವಾದಾಗ ಸುಬ್ಬಕೃಷ್ಣ ಕುಣಿಗಲ್ಲಿಗೆ ಹೋಗಿ ಭಾವನ ಕೈಕಾಲು ಹಿಡಿದ. ಜಯರಾಮಯ್ಯ ಮಗಳು, ಟ್ರಂಕು, ಬುಟ್ಟಿ ಸಮೇತ ಬಂದಿಳಿದರು. ಬಂದವರೇ, "ಅತ್ತೆ, ರಜ ಮುಗಿಯೋ ತನಕ ನಾನೂ ಇಲ್ಲೇ ಇರ್ತೀನಿ. ಇನ್ನೊಂದು ಗೀರು ಕಂಡ್ರೆ ಮಗೂನ ವಾಪಸು ಕರ್ಕೊಂಡು ಹೋಗೋನೇ. ಆಮೇಲೆ ಓದಿನ ಮಾತು ಎತ್ತಬಾರದು" ಎಂದರು. ಪಂಕಜ ಅಜ್ಜಿಯ ಮುಖ ನೋಡಿದಳು. ಕೆನ್ನೆಯ ಗೀರು ತೆಳ್ಳಗೆ ಬೆಳ್ಳಗೆ ಉಳಿದಿತ್ತು. "ಆಗಲಿ, ನೀವು ಹೇಳೋದು ನ್ಯಾಯ" ಎಂದರು ಅಲಮೇಲಮ್ಮ.

ಸಾಸಿವೆಯನ್ನು ಬುಟ್ಟಿಯಿಂದ ನೆಟ್ಟಗೆ ಉಗ್ರಾಣಕ್ಕೆ ಬಿಟ್ಟು ಬಾಗಿಲು ಹಾಕಿದರು. ಪಂಕಜಳ ಮುಖ ಸಪ್ಪಗಾಯಿತು. "ಅಲ್ವೇ, ಹೊಸ ಸೊಸೇನ ಬಂದ ದಿನಾನೇ ಒಲೆ ಮುಂದೆ ಕೂರಿಸ್ತಾರಾ? ನಿಧಾನಕ್ಕೆ ಪರಿಚಯ ಆಗ್ಬೇಕು" ಎಂದರು ಅಲಮೇಲಮ್ಮ.

"ನನ್ನನ್ನ ಕೂರಿಸಿದ್ರಲ್ಲ ಅತ್ತೆ" ಎಂದಳು ಕೌಸಲ್ಯ, ಕಾಯಿ ತುರಿಯುತ್ತ, ತಲೆ ಎತ್ತದೆ.

"ಅದಕ್ಕೇ ನೋಡು, ನೀನು ಈಗ್ಲೂ ನನ್ನನ್ನ ಹೀಗೆ ಪರಚ್ತೀಯ" ಎಂದರು ಅಲಮೇಲಮ್ಮ. ಕೌಸಲ್ಯ ಜೋರಾಗಿ ನಕ್ಕಳು. ಆ ಅಡುಗೆಮನೆಯಲ್ಲಿ ಅತ್ತೆಯ ಎದುರು ಅಷ್ಟು ಜೋರಾಗಿ ಅವಳು ನಕ್ಕದ್ದು ಅದೇ ಮೊದಲು.

ಉಗ್ರಾಣದ ಬಾಗಿಲ ಒಳಗೊಂದು ತಟ್ಟೆ, ಹೊರಗೊಂದು ತಟ್ಟೆ. ಒಂದೇ ಹೊತ್ತಿಗೆ ಇಬ್ಬರಿಗೂ ಹಾಲನ್ನ. ಮರಿ ಮಲಗುವ ಹಳೇ ಲಂಗದ ತುಂಡನ್ನು ದಿವಾನನ ಜಾಗದಲ್ಲೂ, ಅವನ ಗೋಣಿತಾಟನ್ನು ಮರಿಯ ಹತ್ತಿರವೂ ಹಾಕಿದರು. ಒಲೆಯ ಪಕ್ಕ, ಮಡಿಯ ಜಾಗದಲ್ಲಿ, ಹಳೇ ಲಂಗದ ತುಂಡು! ಬೀದಿಯ ಮಡಿ ಅಜ್ಜಿಯರು ಕಂಡಿದ್ದರೆ ಮೂರ್ಛೆ ಹೋಗುತ್ತಿದ್ದರು. ದಿವಾನ ಮೊದಲು ಬಾಗಿಲಿಗೆ ಗುರುಗುಟ್ಟಿದ, ಆಮೇಲೆ ಗುರುಗುಟ್ಟುತ್ತಲೇ ಉಂಡ, ಆಮೇಲೆ ಗುರುಗುಟ್ಟುವುದು ಮರೆತು ಉಂಡ. ಬಾಗಿಲ ಕೆಳಗಿನ ಸಂದಿಯಿಂದ ಒಂದು ಕರಿಯ ಪಾದ ಹೊರಗೆ ಬಂದು ಅವನ ಮೀಸೆ ತಡವಿದ ದಿನ ಪಂಕಜ ಉಸಿರು ಬಿಗಿಹಿಡಿದು ಕೂತಿದ್ದಳು. ಜಯರಾಮಯ್ಯ ಪೇಪರಿನ ಮೇಲಿಂದ ಎಲ್ಲವನ್ನೂ ನೋಡುತ್ತಿದ್ದರು.

ಅವರು ಹೊರಡುವ ಹಿಂದಿನ ದಿನ ಬೆಳಿಗ್ಗೆ ಕೌಸಲ್ಯ ರವೆ ತೆಗೆಯಲು ಉಗ್ರಾಣದ ಬಾಗಿಲು ತೆರೆದಳು. ಕಾಲ ಸಂದಿಯಲ್ಲಿ ಕರ‍್ರಗಿನದೊಂದು ನುಸುಳಿತು. "ಅಯ್ಯೋ, ಮರಿ!" ಎನ್ನುವಷ್ಟರಲ್ಲಿ ಸಾಸಿವೆ ರಂಗೋಲಿ ಗೆರೆ ದಾಟಿ, ಒಲೆಯ ಮುಂದೆ ನಿಂತಿದ್ದ ಅಲಮೇಲಮ್ಮನವರ ಮಡಿ ಸೀರೆಗೆ ಉಗುರು ಚುಚ್ಚಿ ಸರಸರ ಹತ್ತಿ ಸೊಂಟದ ಹತ್ತಿರ ನೇತುಬಿತ್ತು. ಕಿಟಕಿಯ ಮೇಲಿದ್ದ ದಿವಾನ ಎದ್ದು ನಿಂತ. ಬಾಲ ಊದಿತು. ಪಂಕಜ ಎಲ್ಲಿದ್ದಳೋ, ಗೆರೆಯೂ ನೆನಪಿಲ್ಲ, ಮಡಿಯೂ ನೆನಪಿಲ್ಲ, "ಸಾಸಿವೆ!" ಎಂದು ಓಡಿ ಬಂದು ಮರಿಯನ್ನೂ ಅಜ್ಜಿಯನ್ನೂ ಸೇರಿಸಿ ಎರಡು ಕೈಯಲ್ಲೂ ತಬ್ಬಿ ಹಿಡಿದುಬಿಟ್ಟಳು.

ಜಯರಾಮಯ್ಯ ಪೇಪರು ಬಿಸಾಡಿ ಎದ್ದರು. ಅಲಮೇಲಮ್ಮನವರ ಬಾಯಿ ತೆರೆಯಿತು. ದಿವಾನ ಆ ಬಾಯನ್ನೇ ನೋಡುತ್ತಿದ್ದ, ಹಿಂಗಾಲು ಮಡಿಸಿಕೊಂಡು. ಅಷ್ಟು ವರ್ಷದ ಕೂಗು ಗಂಟಲ ತನಕ ಬಂದದ್ದು ಎಲ್ಲರಿಗೂ ಕಾಣಿಸಿತು.

"ಬಾ" ಎಂದರು ಅಲಮೇಲಮ್ಮ.

ದನಿ ಸಣ್ಣಗೆ, ಒಡೆದುಹೋಗಿತ್ತು. "ಬಾ, ಬಾ ಮಗೂ."

ಯಾರಿಗೆ ಹೇಳಿದರೋ. ದಿವಾನ ತನಗೇ ಎಂದುಕೊಂಡ. ಬಾಲ ಇಳಿಸಿ ಧೊಪ್ಪನೆ ಕೆಳಗೆ ಹಾರಿ, ಬಂದು ಬೆರಳು ನೋಡಿದ. ಬೆರಳಲ್ಲಿ ಕೆನೆ ಇರಲಿಲ್ಲ, ಆ ಕೈ ಮೊಮ್ಮಗಳ ತಲೆಯ ಮೇಲಿತ್ತು. ಅಷ್ಟರಲ್ಲಿ ಸಾಸಿವೆ ಜಾರಿ ಅವನ ಮುಂದೆಯೇ ಬಿದ್ದಿತು. ಅವನು ಅದರ ಮೂಗು ಮೂಸಿ, ಮೇಷ್ಟ್ರು ಹುಡುಗನ ತಲೆಗೆ ಮೊಟಕುವ ಹಾಗೆ ಉಗುರಿಲ್ಲದ ಕೈಯಲ್ಲಿ ಒಂದು ಏಟು ಕೊಟ್ಟು, ತನ್ನ ತಟ್ಟೆಯ ಕಡೆ ನಡೆದ. ಮರಿಯೂ ಹಿಂದೆಯೇ ಹೋಯಿತು. ತಟ್ಟೆಯ ಆ ಕಡೆಯಿಂದ ಅದೂ ಬಾಯಿ ಹಾಕಿದ್ದಕ್ಕೆ ಅವನೇನೂ ಅನ್ನಲಿಲ್ಲ.

ಪಂಕಜಳಿಗೆ ಆಗ ಮಡಿ ನೆನಪಾಯಿತು. "ಅಯ್ಯೋ ಅಜ್ಜಿ, ಮುಟ್ಬಿಟ್ಟೆ!" ಎಂದು ಕೈ ಬಿಡಹೋದಳು. ಅಲಮೇಲಮ್ಮ ಬಿಡಲಿಲ್ಲ. ಗಂಡ ಹೋದ ಮೇಲೆ ಬೆಳಗಿನ ಹೊತ್ತು ಅವರನ್ನು ಮುಟ್ಟಿದ್ದು ಬೆಕ್ಕೊಂದೇ. ಮನುಷ್ಯರ ಮೈಯ ಬಿಸಿ ಬೆಳಿಗ್ಗೆ ಹೀಗಿರುತ್ತದೆ ಎನ್ನುವುದೇ ಅವರಿಗೆ ಮರೆತುಹೋಗಿತ್ತು. ಒಲೆಯ ಮೇಲೆ ಹಾಲು ಉಕ್ಕಿ ಸುರಿಯುತ್ತಿತ್ತು, ಯಾರೂ ಇಳಿಸಲಿಲ್ಲ.

"ಇನ್ನೊಂದು ಸಲ ಸ್ನಾನ ಮಾಡಿದ್ರಾಯ್ತು ಬಿಡೇ. ಬಾವೀಲಿ ನೀರಿಗೇನು ಬರವಾ?" ಎಂದರು ಕೊನೆಗೆ, ಮೂಗು ಒರೆಸಿಕೊಳ್ಳುತ್ತ.

ಜಯರಾಮಯ್ಯ ಮಗಳ ಮುಖವನ್ನು, ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಎಲ್ಲೂ ಏನೂ ಇರಲಿಲ್ಲ. ಪೇಪರು ಎತ್ತಿ ಮಡಿಸುತ್ತ, "ಸುಬ್ಬಕೃಷ್ಣ, ನಾಳೆ ಕುಣಿಗಲ್ಲಿಗೆ ಮೊದಲ ಬಸ್ಸು ಎಷ್ಟೊತ್ತಿಗಪ್ಪ? ನಾನೊಬ್ಬನೇ ಹೊರಡೋದು" ಎಂದರು.

ಪಂಕಜ ಹೈಸ್ಕೂಲಿಗೆ ಸೇರಿದಳು. ಅವಳು ಅಲ್ಲಿದ್ದಷ್ಟು ವರ್ಷವೂ ಅಲಮೇಲಮ್ಮನವರಿಗೆ ಬೆಳಿಗ್ಗೆ ಎರಡು ಸ್ನಾನ. ಒಂದು ನಸುಕಿನಲ್ಲಿ, ಇನ್ನೊಂದು ಮೊಮ್ಮಗಳು ಪುಸ್ತಕದ ಚೀಲ ಹಾಕಿಕೊಂಡು ಬಂದು ಗೆರೆ ದಾಟಿ ಅಪ್ಪಿಕೊಂಡು ಹೋದ ಮೇಲೆ. ನೆರೆಯವರು ಕೇಳಿದರೆ "ಸೆಕೆ ಕಣ್ರೀ" ಎನ್ನುತ್ತಿದ್ದರು, ಮಾಗಿಯ ಚಳಿಯಲ್ಲೂ.

ಒಂದು ದಿನ ಪರೀಕ್ಷೆಯ ಗಡಿಬಿಡಿಯಲ್ಲಿ ಪಂಕಜ ಹಾಗೇ ಓಡಿದಳು. ಬೀದಿಯ ತಿರುವಿನ ಹತ್ತಿರ ಹೋಗಿದ್ದಳೋ ಇಲ್ಲವೋ, ಚಿಕ್ಕಪೇಟೆ ಎಷ್ಟೋ ಕಾಲದಿಂದ ಕೇಳಿರದ ಆ ಹಳೆಯ ಗಂಟಲು ಮತ್ತೆ ಮೊಳಗಿತು. "ಪಂಕೂ! ಏ ಪಂಕೂ! ವಾಪಸು ಬಾರೇ!"

ಹುಡುಗಿ ಏದುಸಿರು ಬಿಡುತ್ತ ಓಡಿ ಬಂದಳು. ಹೊಸಿಲ ಮೇಲೆ ದಿವಾನ, ಅವನ ಬೆನ್ನಿಗೆ ಒರಗಿ ಈಗ ಅವನಷ್ಟೇ ಬೆಳೆದ ಸಾಸಿವೆ, ಹಿಂದೆ ಒದ್ದೆ ಕೂದಲ ಅಲಮೇಲಮ್ಮ.

"ಏನಜ್ಜಿ? ಏನು ಬಿಟ್ಟುಹೋದೆ?"

"ನಾನಿನ್ನೂ ಎರಡನೇ ಸ್ನಾನ ಮಾಡಿಲ್ಲ ಕಣೇ" ಎಂದರು ಅಲಮೇಲಮ್ಮ.